ಗ್ಯಾಸ್ ಹಚ್ಚೋರು ಯಾರು?

ಯಲಹಂಕ ಉಪನಗರ
13 ಜನವರಿ 2024

ಅಸ್ಮಾ,

ಕಾಗದ ಬೆರಳಿಗೆ ತಾಕಿದ ಕೂಡಲೇ ಬರೆದವಳು ಯಾರೆಂದು ನಿನಗೆ ಗೊತ್ತಾಗಿರುತ್ತದೆ. ಅಂಧರ ಶಾಲೆಯಲ್ಲಿ ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಬ್ರೈಲ್ ಚುಚ್ಚಿದವರು ನಾವು. ನನ್ನ ಚುಕ್ಕಿಗಳು ಹಾಳೆ ಹರಿಯುವಷ್ಟು ಆಳವೆಂದು ದಿನಾ ಬೈಯುತ್ತಿದ್ದವಳು ನೀನೇ. ಆರು ವರ್ಷದ ಮೇಲೆ ಸ್ಲೇಟು ಹಿಡಿದಿದ್ದೇನೆ, ಮಣಿಕಟ್ಟು ಆಗಲೇ ನೋಯುತ್ತಿದೆ.

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನಿನ್ನ ಅತ್ತಿಗೆ ಜಾಹಿದಾ ಎತ್ತಿದರು. ಒಂದು ಸಲ ನೀನು ನಮಾಜಿನಲ್ಲಿದ್ದೆ, ಮೂರು ಸಲ ಮಲಗಿದ್ದೆ. ಹಗಲು ಹೊತ್ತು ಮಲಗುವ ಅಸ್ಮಾಳನ್ನು ನಾನಂತೂ ನೋಡಿಲ್ಲ. ಕೊನೆಗೆ ನಮ್ಮ ಕ್ಲಾಸಿನ ಚನ್ನು ಬಾಗಲೂರಿನ ನಿಮ್ಮ ಅಣ್ಣನ ವಿಳಾಸ ಕೊಟ್ಟ. ಬ್ರೈಲ್ ಪತ್ರಕ್ಕೆ ಅಂಚೆ ಚೀಟಿ ಬೇಡ, ನಿಮ್ಮ ಮನೆಯಲ್ಲಿ ನಿನ್ನನ್ನು ಬಿಟ್ಟು ಇನ್ನಾರಿಗೂ ಅದನ್ನು ಓದಲು ಬರುವುದಿಲ್ಲ. ಇದಕ್ಕಿಂತ ಗುಟ್ಟಿನ ಟಪಾಲು ಎಲ್ಲಿ ಸಿಗುತ್ತದೆ ಹೇಳು.

ನಾನು ಈಗಲೂ ಯಶವಂತಪುರದ ಅದೇ ಬ್ಯಾಂಕಿನಲ್ಲಿದ್ದೇನೆ. ಇರುವುದು ಯಲಹಂಕದ ಒಂದು ಪಿಜಿಯಲ್ಲಿ. ಅಲ್ಲಿ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಮನೆ ಹುಡುಕುತ್ತಿದ್ದೇನೆ. ಆಟೋ ಸತೀಶ್ ಭಾನುವಾರ ಬೀದಿ ಬೀದಿ ಸುತ್ತಿಸಿ ಬೋರ್ಡು ಓದಿ ಹೇಳುತ್ತಾನೆ.

"ಮೇಡಂ, ಬಲಗಡೆ ಟೂ ಲೆಟ್. ವೆಜಿಟೇರಿಯನ್ ಓನ್ಲಿ ಅಂತಿದೆ."

"ಮುಂದಕ್ಕೆ ಹೋಗು."

"ಎಡಗಡೆ ಒಂದೈತೆ. ಫ್ಯಾಮಿಲಿ ಓನ್ಲಿ."

ನಮ್ಮಂಥವರ ವಿಷಯ ಮಾತ್ರ ಯಾವ ಬೋರ್ಡಿನಲ್ಲೂ ಬರೆದಿರುವುದಿಲ್ಲ. ಅದನ್ನು ಬಾಗಿಲಲ್ಲಿ ಹೇಳುತ್ತಾರೆ. ಫೋನಿನಲ್ಲಿ "ಬನ್ನಿ ಬನ್ನಿ" ಎಂದವರು ನನ್ನ ಬಿಳಿ ಕೋಲಿನ ಸದ್ದು ಕೇಳಿದ ಮೇಲೆ "ಅಯ್ಯೋ, ಮನೆ ನಿನ್ನೇನೇ ಹೋಯ್ತಲ್ಲಮ್ಮ" ಅನ್ನುತ್ತಾರೆ. ಈವರೆಗೆ ಹನ್ನೊಂದು ಮನೆಗಳು ನಿನ್ನೆಯೇ ಹೋಗಿವೆ.

ನನಗೆ ಎರಡು ಕೋಣೆಯ ಮನೆ ಬೇಕು. ಒಂದು ನನಗೆ, ಇನ್ನೊಂದು ನಿನಗೆ. ಸುತ್ತಿಬಳಸದೆ ಕೇಳುತ್ತಿದ್ದೇನೆ, ಬರುತ್ತೀಯಾ?

ಉತ್ತರಕ್ಕೆ ಬೆರಳು ಚಾಚಿಕೊಂಡು ಕೂತಿರುವ
ವೇದಾ


ಯಲಹಂಕ ಉಪನಗರ
25 ಫೆಬ್ರವರಿ 2024

ಅಸ್ಮಾ,

ನೀನು ಉತ್ತರಿಸಲಿಲ್ಲ. ಪರವಾಗಿಲ್ಲ, ನಾನೇ ಬರೆಯುತ್ತೇನೆ. ಮಾತಾಡುವವಳು ನಾನು, ಕೇಳುವವಳು ನೀನು ಎಂಬುದು ಹಾಸ್ಟೆಲಿನಿಂದಲೂ ನಡೆದು ಬಂದದ್ದೇ ತಾನೆ.

ಒಂದು ಮನೆ ಸಿಕ್ಕಿತ್ತು. ಬ್ಯಾಟರಾಯನಪುರದ ಕಡೆ, ಕೊಡಿಗೇಹಳ್ಳಿ ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ನೆಲಮಹಡಿ, ಎರಡು ಕೋಣೆ. ಅಡುಗೆಮನೆಯ ಕಿಟಕಿ ಹೊಂಗೆ ಮರದ ಕಡೆಗಿದೆ, ತೆರೆದರೆ ಎಲೆಯ ಸದ್ದು ಕೇಳುತ್ತದೆ. ಕಟ್ಟೆಯ ಮೇಲೆ ಕೈಯಾಡಿಸಿ ನೋಡಿದೆ. ಒಲೆ ಇಲ್ಲಿ, ನೀರು ಇಲ್ಲಿ, ಅಸ್ಮಾ ನಿಲ್ಲುವುದು ಇಲ್ಲಿ ಎಂದು ಮನಸ್ಸು ಆಗಲೇ ಲೆಕ್ಕ ಹಾಕಿಬಿಟ್ಟಿತ್ತು.

ಮನೆಯ ಮಾಲೀಕರು ಅನಂತರಾಜು. ಅಲ್ಲಿ ಬರೀ ರಾಗಿ ಹೊಲವಿದ್ದ ಕಾಲದಿಂದಲೂ ಇರುವ ಕುಟುಂಬ. ಒಳ್ಳೆಯ ಮನುಷ್ಯ, ಎಳನೀರು ಕೊಡಿಸಿದರು. ಆಮೇಲೆ ಕೇಳಿದರು, "ನಿಮ್ ಜೊತ್ಗೆ ಇರೋವ್ರ್ಗೆ ಕಣ್ ಕಾಣುಸ್ತದಾ?"

"ಇಲ್ಲ ಸಾರ್. ಅವಳೂ ನನ್ ಥರಾನೇ."

"ಅಂಗಾದ್ರೆ ಗ್ಯಾಸ್ ಅಚ್ಚೋರ್ ಯಾರು?"

"ನಾವೇ ಹಚ್ತೀವಿ. ಇಪ್ಪತ್ತು ವರ್ಷದಿಂದ ಹಚ್ತಾ ಇದೀವಿ."

ಯೋಚಿಸಿ ಹೇಳುತ್ತೇನೆ ಎಂದರು. ಹಿಂದೆ ಎಲ್ಲಿದ್ದಿರಿ ಎಂದು ಕೇಳಿದರು. ಆರ್.ಟಿ. ನಗರದ ಮನೋಹರ್ ಅವರ ಮನೆ ಎಂದೆ. ಮಾರನೆಯ ದಿನ ಅನಂತರಾಜು ಅವರಿಂದ ಒಂದು ವಾಯ್ಸ್ ಮೆಸೇಜು ಬಂತು. ಅದನ್ನು ಇದ್ದಂತೆಯೇ ಇಳಿಸುತ್ತಿದ್ದೇನೆ: "ವೇದಮ್ಮ, ಬೇಜಾರ್ ಮಾಡ್ಕಬ್ಯಾಡಿ. ನಿಮ್ಗೆ ಓದಾಕಾಗಲ್ವಲ್ಲ, ಅದ್ಕೇ ಬಾಯಲ್ಲೇ ಏಳ್ತಾ ಇವ್ನಿ. ಕಣ್ಣು ಕಾಣ್ದೋರ್ಗೆ ಮನೆ ಕೊಡಾಕಾಗಲ್ಲ. ಕಾರ್ಣ ಅದೊಂದೇ, ಬೇರೇನಿಲ್ಲ. ನೀವು ಬೋ ಒಳ್ಳೇವ್ರು."

ಹನ್ನೊಂದು ಜನ ಸುಳ್ಳು ಹೇಳಿ ತಪ್ಪಿಸಿಕೊಂಡರು. ಈ ಮನುಷ್ಯ ನನಗೆ ಓದಲು ತೊಂದರೆಯಾಗಬಾರದೆಂದು ನಿಜವನ್ನು ತನ್ನ ದನಿಯಲ್ಲೇ ಕೊಟ್ಟುಬಿಟ್ಟರು. ಬ್ಯಾಂಕಿನ ಗೆಳತಿಯೊಬ್ಬಳು ನಿರಂಜನ್ ಎಂಬ ವಕೀಲರ ಹತ್ತಿರ ಕರೆದುಕೊಂಡು ಹೋದಳು. ಅವರು ಅದನ್ನು ಮೂರು ಸಲ ಕೇಳಿ, "ಇಂಥ ಸಾಕ್ಷಿ ಯಾರಿಗ್ ಸಿಗುತ್ತೆ ಮೇಡಂ? ಡಿಲೀಟ್ ಗಿಲೀಟ್ ಮಾಡ್ಬಿಟ್ಟೀರಾ!" ಎಂದರು. ಅಂಗವಿಕಲರ ಹಕ್ಕುಗಳ ಆಯುಕ್ತರಿಗೆ ದೂರು ಕೊಡುತ್ತಿದ್ದೇವೆ. ಈ ಮನೆಯಲ್ಲಿ ನಾವಿಬ್ಬರೂ ಇರುತ್ತೇವೆಂದು ಬರೆಸಿದ್ದೇನೆ.

ಹಟ ಬಿಡದ
ವೇದಾ


ಬಾಗಲೂರು
14 ಮಾರ್ಚ್ 2024

ವೇದಾ,

ಎರಡೂ ಪತ್ರ ತಲುಪಿವೆ. ಚುಕ್ಕಿಗಳು ಈಗಲೂ ಆಳ.

ನಾವಿಬ್ಬರು ಎಂದು ದೂರಿನಲ್ಲಿ ಬರೆಸುವ ಮುಂಚೆ ನನ್ನನ್ನು ಯಾಕೆ ಕೇಳಲಿಲ್ಲ? ಎರಡು ಪತ್ರ, ಒಂಬತ್ತು ಹಾಳೆ. ಅವುಗಳಲ್ಲಿ ಆಟೋ ಇದೆ, ಎಳನೀರಿದೆ, ಹೊಂಗೆ ಮರವಿದೆ. ಆರ್.ಟಿ. ನಗರದ ಮನೆಯ ಹೆಸರೂ ಇದೆ. ಅಲ್ಲಿ ನಡೆದದ್ದು ಮಾತ್ರ ಇಲ್ಲ. ನೀನು ಬರೆಯುವುದಿಲ್ಲ ಎಂದಾದರೆ ನಾನೇ ಬರೆಯುತ್ತೇನೆ.

ಹಾಲು ಕಾಯಿಸುವಾಗ ಪಾತ್ರೆಯೊಳಗೆ ಸಣ್ಣ ಸ್ಟೀಲ್ ಬಟ್ಟಲು ಹಾಕಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಹಾಲು ಕುದಿ ಬಂದರೆ ಬಟ್ಟಲು ಗಡಗಡ ಅನ್ನುತ್ತದೆ, ನಮಗೆ ಗೊತ್ತಾಗುತ್ತದೆ. ಬಟ್ಟಲು ಹಾಕದೆ ನಾನು ಎಂದೂ ಹಾಲಿಟ್ಟವಳಲ್ಲ. ಆವತ್ತು ನಾನು ಬಟ್ಟೆ ಒಗೆಯುತ್ತಿದ್ದೆ. ಹಾಲು ಉಕ್ಕಿ ಒಲೆ ಆರಿತು, ಗ್ಯಾಸ್ ವಾಸನೆ ಮೇಲಿನ ಮನೆಯವರೆಗೂ ಹೋಯಿತು, ಜನ ಬೀದಿಗೆ ಬಂದರು. ಯಾರಿಗೂ ಏನೂ ಆಗಲಿಲ್ಲ. ಮನೋಹರ್ ಬಂದು "ಹಾಲಿಟ್ಟಿದ್ದು ಯಾರು?" ಎಂದು ಕೇಳಿದರು. ನೀನು "ನಾನಲ್ಲ" ಎಂದೆ.

ಮನೆಯಲ್ಲಿದ್ದವರು ಇಬ್ಬರೇ ವೇದಾ. ನೀನಲ್ಲ ಅಂದರೆ ಉಳಿದವಳು ನಾನು.

ನಾನು ಬಾಯಿ ಬಿಡಲಿಲ್ಲ. ನೀನು ಹೇಳುತ್ತೀಯೆಂದು ಕಾದೆ. ಸಂಜೆಗೆ ಸುದ್ದಿ ತಿಳಿದು ಅಣ್ಣ ಗಯಾಸ್ ಭಾಯಿ ಬಂದು ನನ್ನನ್ನು ಕರೆದುಕೊಂಡು ಹೋದರು. ನೀನು ಆ ಮನೆಯಲ್ಲೇ ಉಳಿದೆ. ಆಸ್ಪತ್ರೆಯಲ್ಲಿದ್ದ ನನ್ನ ಟೆಲಿಫೋನ್ ಆಪರೇಟರ್ ಕೆಲಸ ಇಲ್ಲಿಂದ ದೂರವೆಂದು ಬಿಡಿಸಿದರು.

ಇಲ್ಲಿ ನನಗೆ ಏನೂ ಕಡಿಮೆಯಿಲ್ಲ. ಕಿಟಕಿ ಪಕ್ಕ ನನ್ನದೊಂದು ಕುರ್ಚಿಯಿದೆ. ಚಹಾ, ಊಟ ಎಲ್ಲ ಅಲ್ಲಿಗೇ ಬರುತ್ತದೆ. ರಂಜಾನಿನ ರೋಜಾ ಇರುವ ಈ ದಿನಗಳಲ್ಲಿ ಎಲ್ಲರೂ ಅಡುಗೆಮನೆಯಲ್ಲಿ ಕೆಲಸ ಮಾಡುವ ಸದ್ದು ಕೇಳುತ್ತಾ ಕೂತಿರುತ್ತೇನೆ.

ನನ್ನ ಹೆಸರನ್ನು ತೆಗೆಸು.

ಅಸ್ಮಾ


ಯಲಹಂಕ ಉಪನಗರ
21 ಏಪ್ರಿಲ್ 2024

ಅಸ್ಮಾ,

ನಿನ್ನ ಪತ್ರವನ್ನು ಒಂದು ತಿಂಗಳಿಂದ ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ರೈಲಿನಲ್ಲಿ ಓದುತ್ತೇನೆ. ಎದುರಿಗೆ ಕೂತವರು ಬಿಳಿ ಹಾಳೆ ಸವರಿಕೊಂಡು ಅಳುವ ಹೆಂಗಸನ್ನು ನೋಡಿ ಏನೆಂದುಕೊಂಡರೋ.

ನನಗೆ ಆಗ ಹೆದರಿಕೆಯಾಗಿತ್ತು. ನಿನಗೆ ಹೋಗಲು ಅಣ್ಣನ ಮನೆಯಿತ್ತು, ನನಗೆ ಯಾರೂ ಇರಲಿಲ್ಲ. ಹೀಗೆ ಬರೆದು ಓದಿಕೊಂಡರೆ ನೆವ ಹೇಳಿದಂತೆಯೇ ಕೇಳಿಸುತ್ತದೆ. ಇರಲಿ, ಸದ್ಯಕ್ಕೆ ಅಷ್ಟೇ ಬರೆಯಲು ಆಗುತ್ತಿದೆ.

ಕಾನೂನಿನ ವಿಷಯ ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಫೋನಿನಲ್ಲಿ ಓದಿಸಿಕೊಂಡು ಕೇಳಿದೆ. ಅಂಗವಿಕಲತೆಯ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ ಎಂದು ಮೂರನೇ ಸೆಕ್ಷನ್ನಿನಲ್ಲಿದೆ. ಮಾಡಿದರೆ ಅದಕ್ಕೆ ತಕ್ಕ ನ್ಯಾಯವಾದ ಉದ್ದೇಶವಿತ್ತೆಂದು ತೋರಿಸಬೇಕು. ಸ್ವಂತ ಮನೆ ಬಾಡಿಗೆಗೆ ಕೊಡುವವರ ಮೇಲೆ ಇದು ಎಷ್ಟರಮಟ್ಟಿಗೆ ನಡೆಯುತ್ತದೋ ನೋಡಬೇಕೆಂದು ನಿರಂಜನ್ ಮೊದಲೇ ಹೇಳಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಐದನೇ ಸೆಕ್ಷನ್. ಇಂಥ ಕಡೆ, ಇಂಥವರ ಆಸರೆಯಲ್ಲೇ ಇರಬೇಕೆಂದು ನಮ್ಮನ್ನು ಯಾರೂ ಕಟ್ಟಿಹಾಕುವಂತಿಲ್ಲ ಅನ್ನುತ್ತದೆ ಅದು. ಎಲ್ಲರಂತೆ ಊರಿನ ನಡುವೆ ಬದುಕುವ ಹಕ್ಕು ನಮಗೂ ಇದೆಯಂತೆ. ಕೇಳಿದಾಗ ನಿನ್ನ ಕುರ್ಚಿ ನೆನಪಾಯಿತು. ಅದರ ಪೂರ್ತಿ ಪಾಠವನ್ನು ಬೇರೆ ಹಾಳೆಯಲ್ಲಿ ಚುಚ್ಚಿ ಇದರ ಜೊತೆ ಇಟ್ಟಿದ್ದೇನೆ.

ಇನ್ನು ಕೆಟ್ಟ ಸುದ್ದಿ. ನಿನ್ನ ಹೆಸರು ತೆಗೆಸುವ ಮೊದಲೇ ಅನಂತರಾಜು ಮನೋಹರ್ ಅವರನ್ನು ವಿಚಾರಿಸಿ ದೂರಿಗೆ ಉತ್ತರ ಹಾಕಿದ್ದಾರೆ. "2018ರಲ್ಲಿ ಅಸ್ಮಾ ಎಂಬ ಅಂಧ ಮಹಿಳೆ ಹಾಲಿಟ್ಟು ಮರೆತು ಗ್ಯಾಸ್ ಸೋರಿ, ಇಡೀ ಕಟ್ಟಡದ ಜನರ ಪ್ರಾಣಕ್ಕೆ ಅಪಾಯವಾಗಿತ್ತು. ಇದೇ ಅಸ್ಮಾ ನಮ್ಮ ಮನೆಗೂ ಬರುವವರಿದ್ದಾರೆ" ಎಂದು ಬರೆದಿದ್ದಾರೆ.

ನಿರಂಜನ್‌ಗೆ ಇದರಿಂದ ಖುಷಿಯೇ ಆಗಿದೆ. "ಸಲೀಸಾಯ್ತು ಮೇಡಂ. ಆಕೆ ಬರ್ತಾ ಇಲ್ಲ, ನಿಮ್ ಕೈಯಿಂದ ಯಾವತ್ತೂ ಏನೂ ಆಗಿಲ್ಲ ಅಂತ ಹೇಳಿ ಸಾಕು. ಅವ್ರ ವಾದ ಅಲ್ಲೇ ಬಿದ್ದೋಯ್ತು" ಅನ್ನುತ್ತಾರೆ. ನಡೆದದ್ದೇನೆಂದು ನಾನು ಅವರಿಗೂ ಹೇಳಿಲ್ಲ.

ವಿಚಾರಣೆ ಜೂನ್ 14ಕ್ಕೆ.

ನಿನ್ನ ಎದುರು ತಲೆ ಎತ್ತಲಾರದ
ವೇದಾ


ಬಾಗಲೂರು
19 ಮೇ 2024

ವೇದಾ,

ಆ ಐದನೇ ಸೆಕ್ಷನ್ನಿನ ಹಾಳೆಯನ್ನು ಎಷ್ಟು ಸಲ ಓದಿದ್ದೇನೆಂದರೆ ಕೆಲವು ಚುಕ್ಕಿಗಳು ಮಟ್ಟವಾಗಿವೆ.

ಹೋದ ವಾರ ಅತ್ತಿಗೆಯ ಹತ್ತಿರ, ಇವತ್ತಿನ ಚಹಾ ನಾನು ಮಾಡುತ್ತೇನೆ ಎಂದೆ. ಅಷ್ಟೇ ಹೇಳಿದ್ದು. ಅತ್ತಿಗೆ ಓಡಿಹೋಗಿ ಸಿಲಿಂಡರ್ ಬಂದ್ ಮಾಡಿದರು. ಸಂಜೆ ಭಾಯಿ ನನ್ನ ಕುರ್ಚಿಯ ಹತ್ತಿರ ಕೂತು, ನಾವು ನಿನಗೆ ಏನು ಕಡಿಮೆ ಮಾಡಿದೆವು ಎಂದು ಅತ್ತರು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಒಳ್ಳೆಯವರ ಜೊತೆ ಹೇಗೆ ಜಗಳವಾಡುವುದೆಂದು ನನಗೆ ತಿಳಿಯದು.

ನಿನಗೆ ಹೇಳಬಾರದೆಂದುಕೊಂಡಿದ್ದೆ, ಆದರೂ ಹೇಳುತ್ತೇನೆ. ನನಗೆ ಆ ದಿನಗಳು ಬೇಕು. ಬೆಳಿಗ್ಗೆ ನಾನು ಒಗ್ಗರಣೆ ಹಾಕುವಾಗ ನೀನು ಬಾಗಿಲಲ್ಲಿ ನಿಂತು ಬ್ಯಾಂಕಿನ ಮ್ಯಾನೇಜರನ್ನು ಅಣಕಿಸುತ್ತಿದ್ದುದು ಬೇಕು. ಯಾವ ಡಬ್ಬಿಯಲ್ಲಿ ಏನಿದೆಯೆಂದು ನನಗೊಬ್ಬಳಿಗೇ ಗೊತ್ತಿರುವ ಅಡುಗೆಮನೆ ಬೇಕು. ಒಮ್ಮೊಮ್ಮೆ ಕುರ್ಚಿಯಲ್ಲಿ ಕೂತೇ ಬೆರಳಲ್ಲಿ ಈರುಳ್ಳಿ ಸುಲಿಯುವಂತೆ ಮಾಡುತ್ತಿರುತ್ತೇನೆ. ಅತ್ತಿಗೆ ನೋಡಿ, ತಸ್ಬಿಯ ಜಪಮಣಿ ಎಣಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

ನಿನ್ನ ವಕೀಲರು ಹೇಳಿಕೊಟ್ಟಂತೆ ಹೇಳಿಬಿಡು. ಮನೆ ನಿನಗಾದರೂ ಸಿಗಲಿ. ಒಂದು ಸಲ ಹೇಳಿದ್ದೀಯ, ಇನ್ನೊಂದು ಸಲ ಕಷ್ಟವಾಗಲಾರದು.

ಅಸ್ಮಾ


ಯಲಹಂಕ ಉಪನಗರ
15 ಜೂನ್ 2024

ಅಸ್ಮಾ,

ನಿನ್ನೆ ವಿಚಾರಣೆ ಮುಗಿಯಿತು. ನಡೆದದ್ದನ್ನೆಲ್ಲ ಹೇಳುತ್ತೇನೆ.

ಮೇಜಿನ ಆಚೆ ಅಧಿಕಾರಿ, ಪಕ್ಕದಲ್ಲಿ ಟೈಪು ಮಾಡುವವರು. ಈಚೆ ನಾನು, ನಿರಂಜನ್. ಬಲಗಡೆ ಅನಂತರಾಜು ಮತ್ತು ಅವರ ಹೆಂಡತಿ ನೀಲಕ್ಕ. ಅನಂತರಾಜುವಿನ ವಾಯ್ಸ್ ಮೆಸೇಜನ್ನು ಎಲ್ಲರ ಮುಂದೆ ಹಾಕಿದರು. ಕೊನೆಗೆ "ನೀವು ಬೋ ಒಳ್ಳೇವ್ರು" ಎಂದು ಬಂದಾಗ ಟೈಪಿನವರು ನಕ್ಕಿದ್ದು ನನಗೆ ಕೇಳಿಸಿತು. ಅನಂತರಾಜು ಎದ್ದು ಆರ್.ಟಿ. ನಗರದ ಕಥೆ ಹೇಳಿದರು. ಅಸ್ಮಾ, ಅಸ್ಮಾ, ಅಸ್ಮಾ ಎಂದು ಆರೇಳು ಸಲ ನಿನ್ನ ಹೆಸರು ಬಂತು. ನಿನ್ನನ್ನು ಒಂದು ಸಲವೂ ಕಂಡಿರದ ಮನುಷ್ಯ ನಿನ್ನನ್ನು ಬೆಂಕಿ ಹಚ್ಚುವವಳಂತೆ ಹೇಳುತ್ತಿದ್ದರು. ಆ ಮಾತನ್ನು ಅವರ ಕೈಗೆ ಕೊಟ್ಟವಳು ನಾನು.

ಅಧಿಕಾರಿ ಕೇಳಿದರು, "ಏನಮ್ಮ, ಇದಕ್ಕೆ ಏನ್ ಹೇಳ್ತೀರಾ?"

ನಿರಂಜನ್ ನನ್ನ ತೋಳು ಒತ್ತಿದರು. ನಾನು ಎದ್ದು ನಿಂತೆ.

"ಹಾಲಿಟ್ಟೋಳು ಅಸ್ಮಾ ಅಲ್ಲ ಸಾರ್, ನಾನು. ಬಟ್ಟಲು ಹಾಕೋದ್ ಬಿಟ್ಟು ಫೋನಲ್ ಮಾತಾಡ್ತಾ ಕೂತ್ಬಿಟ್ಟೆ. ಓನರ್ ಕೇಳ್ದಾಗ ಸುಳ್ಳು ಹೇಳ್ದೆ. ಅವಳ ಮನೆ ಹೋಯ್ತು, ಕೆಲ್ಸಾನೂ ಹೋಯ್ತು. ಇದನ್ನ ಹೀಗೇ ಬರ್ಕೊಳ್ಳಿ."

"ಇದರಿಂದ ನಿಮ್ ಕೇಸಿಗೇ ತೊಂದ್ರೆ ಆಗ್ಬಹುದು, ಗೊತ್ತಲ್ಲ?"

"ಗೊತ್ತು ಸಾರ್."

ಟೈಪಿನ ಸದ್ದು ಶುರುವಾಯಿತು. ಅಷ್ಟು ಹೊತ್ತಿನಲ್ಲಿ ಬಲಗಡೆಯಿಂದ ನೀಲಕ್ಕನ ದನಿ ಬಂತು. "ನಮ್ಮನೇಲೂ ವಾರಕ್ಕೆರಡು ದಪ ಹಾಲು ಉಕ್ತದೆ ಸ್ವಾಮಿ. ನಂಗೆ ಎಲ್ಡು ಕಣ್ಣೂ ನೆಟ್ಗವೆ. ನನ್ನ ಯಾವತ್ತು ಆಚೆ ಹಾಕ್ತಾರೆ ಅಂತ ಇವ್ರ್ನೇ ಕೇಳಿ."

ಅನಂತರಾಜು "ಸುಮ್ಕಿರೇ" ಎಂದರು. ಅವಳು ಸುಮ್ಮನಿರಲಿಲ್ಲ.

ಹೊರಗೆ ಬಂದ ಮೇಲೆ ನಿರಂಜನ್ ನನ್ನನ್ನು ಚೆನ್ನಾಗಿ ಬೈದರು. ಬೈಯಲಿ. ನನ್ನ ಹೇಳಿಕೆಯ ನಕಲನ್ನು ಕೇಳಿ ಪಡೆದು, ಬ್ರೈಲ್‌ಗೆ ಇಳಿಸಿ ಇದರ ಜೊತೆ ಕಳಿಸಿದ್ದೇನೆ. ಅಣ್ಣನಿಗೆ ಓದಿ ಹೇಳು. ಆರು ವರ್ಷದಿಂದ ಅವರು ಗ್ಯಾಸಿಗೆ ಹೆದರಿ ನಿನ್ನನ್ನು ಕೂರಿಸಿದ್ದು ನನ್ನ ಸುಳ್ಳನ್ನು ನಂಬಿ.

ತಪ್ಪಾಯಿತು ಅಸ್ಮಾ. ಇದನ್ನು ಮೊದಲ ಪತ್ರದ ಮೊದಲ ಸಾಲಿನಲ್ಲಿ ಬರೆಯಬೇಕಿತ್ತು.

ತಪ್ಪೊಪ್ಪಿಕೊಂಡ
ವೇದಾ


ಬ್ಯಾಟರಾಯನಪುರ
11 ಆಗಸ್ಟ್ 2024

ಅಸ್ಮಾ,

ಮೇಲಿನ ವಿಳಾಸ ನೋಡಿದೆಯಲ್ಲ.

ಕಣ್ಣು ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ಮನೆ ನಿರಾಕರಿಸುವುದು ಸರಿಯಲ್ಲ, ಹಾಲು ಉಕ್ಕುವುದು ಎಲ್ಲರ ಮನೆಯಲ್ಲೂ ಆಗುವಂಥದ್ದು, ಅರ್ಜಿದಾರರಿಗೆ ಮನೆ ಕೊಡುವುದನ್ನು ಮಾಲೀಕರು ಪರಿಗಣಿಸಬೇಕು ಎಂದು ಆಯುಕ್ತರು ಜುಲೈನಲ್ಲಿ ಬರೆದು ಕಳಿಸಿದರು. ಅದು ಶಿಫಾರಸು ಮಾತ್ರ, ಬೇಕಿದ್ದರೆ ಅನಂತರಾಜು ಇನ್ನೂ ಎಳೆದಾಡಬಹುದು ಎಂದರು ನಿರಂಜನ್. ಅವರು ಎಳೆದಾಡಲಿಲ್ಲ. ಒಂದು ದಿನ ನೀಲಕ್ಕನೇ ಫೋನ್ ಮಾಡಿ, "ಬೀಗದ ಕೈ ನನ್ತವೇ ಐತೆ, ಬಾ" ಎಂದಳು. ಮೊದಲ ವಾರ ಅನಂತರಾಜು ದಿನಕ್ಕೆ ಮೂರು ಸಲ ಬಂದು ಬಾಗಿಲಲ್ಲಿ ಮೂಸುತ್ತಿದ್ದರು. ನನ್ನ ಸಾರಿನ ವಾಸನೆ ಹೇಗಿದೆಯೆಂದು ನಾನೇ ಕೇಳತೊಡಗಿದ ಮೇಲೆ ನಾಚಿಕೊಂಡು ನಿಲ್ಲಿಸಿದ್ದಾರೆ.

ಎರಡನೇ ಕೋಣೆಯಲ್ಲಿ ಒಂದು ಚಾಪೆ ಬಿಟ್ಟರೆ ಏನೂ ಇಲ್ಲ. ಒಳಗೆ ಹೋಗಿ ಮಾತಾಡಿದರೆ ನನ್ನ ದನಿಯೇ ತಿರುಗಿ ಬರುತ್ತದೆ. ಈಚೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಸಂಜೆ ಬೀಗ ತೆರೆದು ಒಳಗೆ ಬಂದು "ನಾನು ಕಣೇ" ಎಂದುಬಿಡುತ್ತೇನೆ, ಅಭ್ಯಾಸದಿಂದ. ಆಮೇಲೆ ಸುಮ್ಮನೆ ಚಪ್ಪಲಿ ಬಿಡುತ್ತೇನೆ. ಇಷ್ಟು ಓಡಾಡಿ ಪಡೆದ ಮನೆ, ಪೂರ್ತಿ ಖುಷಿಪಡಲು ಆಗುತ್ತಿಲ್ಲ.

ನೀನು ಜೂನಿನ ಪತ್ರಕ್ಕೆ ಬರೆಯಲಿಲ್ಲ. ನಾನು ಒತ್ತಾಯಿಸುವುದಿಲ್ಲ. ಕೋಣೆ ಇದೆ ಎಂದು ಮಾತ್ರ ಹೇಳುತ್ತಿದ್ದೇನೆ.

ನಿನ್ನನ್ನು ತುಂಬ ನೆನೆಯುವ
ವೇದಾ


ಬಾಗಲೂರು
6 ಅಕ್ಟೋಬರ್ 2024

ವೇದಾ,

ನಿನ್ನ ಮನೆಗೆ ನಾನು ಬರುವುದಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನು ಆತುರದಲ್ಲಿ ಓದುತ್ತೀಯ.

ನಿನ್ನ ಹೇಳಿಕೆಯನ್ನು ಭಾಯಿಗೆ ಓದಿ ಹೇಳಿದೆ. ನಾನು ಬೆರಳಾಡಿಸುತ್ತಾ ಕನ್ನಡದಲ್ಲಿ ಓದುವುದು, ಅವರಿಗೆ ಉರ್ದುವಿನಲ್ಲಿ ಹೇಳುವುದು. ನಮ್ಮ ಮನೆಯ ಹಿಂದೆ ಅವರು ಬಾಡಿಗೆಗೆ ಕೊಡುವ ಒಂದು ಕೋಣೆ, ಅಡುಗೆಮನೆ ಇದೆ. ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವರು ಇದ್ದರು, ಆಗಸ್ಟಿನಲ್ಲಿ ಬಿಟ್ಟುಹೋದರು. ಆ ಮನೆಯನ್ನು ನನಗೆ ಬಾಡಿಗೆಗೆ ಕೊಡಿ ಎಂದೆ. ಗ್ಯಾಸ್ ಹಚ್ಚುವವರು ಯಾರು ಎಂದು ಕೇಳಿದರು. ನಿನ್ನ ಅನಂತರಾಜು ಕೇಳಿದ ಅದೇ ಮಾತು. ಆಮೇಲೆ ತಾವು ಏನು ಕೇಳಿದೆವೆಂದು ತಮಗೇ ಗೊತ್ತಾಗಿ ಎದ್ದು ಹೋದರು.

ಒಂದು ತಿಂಗಳು ಜಗಳವಾಯಿತು. ಒಳ್ಳೆಯವರ ಜೊತೆಯೂ ಜಗಳವಾಡಬಹುದು, ಕಲಿತೆ. ಈ ತಿಂಗಳ ಒಂದರಿಂದ ನಾನು ಹಿಂದಿನ ಮನೆಯಲ್ಲಿದ್ದೇನೆ. ಬಾಗಿಲು ಬೇರೆ, ಬೀಗ ಬೇರೆ. ಹಳೆಯ ಆಸ್ಪತ್ರೆಗೂ ಕೆಲಸಕ್ಕಾಗಿ ಅರ್ಜಿ ಕಳಿಸಿದ್ದೇನೆ. ಅತ್ತಿಗೆ ಒಂದೆರಡು ದಿನ ಕಿಟಕಿಯಿಂದ ಇಣುಕಿದರು. ಮೊನ್ನೆ ಉಪ್ಪು ಮುಗಿದಿದೆಯೆಂದು ಸಾಲ ಕೇಳಿಕೊಂಡು ಬಂದರು. ಎಂದೂ ಇಲ್ಲದಷ್ಟು ಸಂತೋಷವಾಯಿತು.

ನಿನ್ನ ಎರಡನೇ ಕೋಣೆಗೆ ಬಂದರೆ ನಾನು ಮತ್ತೆ ಇನ್ನೊಬ್ಬರ ಮನೆಯಲ್ಲಿ ಇದ್ದಂತೆ. ಸಿಟ್ಟಿನಿಂದ ಹೇಳುತ್ತಿಲ್ಲ. ಎಲ್ಲಿರಬೇಕೆಂದು ನಾನೇ ಹೇಳಬಹುದಲ್ಲವೇ, ಹೇಳುತ್ತಿದ್ದೇನೆ. ಆ ಕೋಣೆಯನ್ನು ಖಾಲಿ ಇಡಬೇಡ. ಮನೆ ಸಿಗದೆ ಅಲೆಯುವ ನಮ್ಮಂಥವರು ಬೇಕಾದಷ್ಟು ಜನ ಇದ್ದಾರೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಕೂತೆ. ಚುಕ್ಕಿ ಇಳಿಯಲಿಲ್ಲ. ನೀನಿಲ್ಲದೆ ಆರು ವರ್ಷ ಹೇಗೆ ಕಳೆಯಿತೆಂದು ಬರೆಯಲು ಕೂತರೆ ಹಾಳೆ ಸಾಲುವುದಿಲ್ಲ. ಎರಡೂ ನಿಜ.

ಒಂದು ಭಾನುವಾರ ಬಾ. ಊಟ ಮಾಡೋಣ, ನೀನು ಮಾತಾಡು, ನಾನು ಕೇಳುತ್ತೇನೆ. ಸಂಜೆಯಾದ ಮೇಲೆ ಇನ್ನು ಹೊರಡು ಅನ್ನುತ್ತೇನೆ. ಹಾಗೆ ಅನ್ನಲು ನನಗೂ ಒಂದು ಮನೆಯಿದೆ ಈಗ.

ನಾನು ಹೊರಡು ಅಂದ ಮೇಲೂ ನೀನು ಸ್ವಲ್ಪ ಹೊತ್ತು ಕೂತಿರು.

ಅಸ್ಮಾ